ಮಣ್ಣಿನ ಬಿಸಿ ಹಿಡಿದಿಡಿ

ಕೇಳುಗರಿಗೆಲ್ಲ ನಮಸ್ಕಾರ.

ಚಳಿಗಾಲದಲ್ಲಿ ಸಂಜೆಯಾಗುತ್ತಲೇ ಒಮ್ಮೆ ಆಕಾಶ ನೋಡಿ. ಮೋಡ ಒಂದೂ ಇಲ್ಲ, ಎಲೆ ಅಲುಗುವಷ್ಟೂ ಗಾಳಿಯಿಲ್ಲ ಅಂದರೆ ಟೊಮೆಟೊ, ಬದನೆ, ಪಪ್ಪಾಯಿ ಗಿಡಗಳಿಗೆ ಅದು ಕೆಟ್ಟ ರಾತ್ರಿ. ಹಗಲೆಲ್ಲ ಮಣ್ಣು ಹೀರಿಕೊಂಡ ಬಿಸಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಮೋಡವಿದ್ದಿದ್ದರೆ ಒಂದಿಷ್ಟಾದರೂ ಕೆಳಗೇ ಉಳಿಯುತ್ತಿತ್ತು. ಹವಾಮಾನ ವರದಿಯಲ್ಲಿ 3 ಡಿಗ್ರಿ ಅಂದರು, ಸೊನ್ನೆಗೆ ಇಳಿಯಲ್ಲವಲ್ಲ ಅಂತ ಸುಮ್ನಿರಬೇಡಿ. ಅವರು ಅಳೆಯುವುದು ನೆಲದಿಂದ ನಾಲ್ಕೈದು ಅಡಿ ಮೇಲೆ. ಇಂಥ ರಾತ್ರಿ ನೆಲದ ಮಟ್ಟದಲ್ಲಿ ಚಳಿ ಇನ್ನೂ ಜಾಸ್ತಿ. ಇಬ್ಬನಿ ಹೆಪ್ಪುಗಟ್ಟುವುದು ಅಲ್ಲೇ.

ಗಿಡಕ್ಕೆ ಬಟ್ಟೆ ಹೊದಿಸುವವರು ಹಲವರು ಅದನ್ನು ತಲೆಗೆ ಸುತ್ತಿ, ಕಾಂಡಕ್ಕೆ ಬಿಗಿಯಾಗಿ ಕಟ್ಟಿಬಿಡುತ್ತಾರೆ. ನೋಡೋಕೇನೋ ಅಚ್ಚುಕಟ್ಟು, ಉಪಯೋಗ ಕಮ್ಮಿ. ಮನುಷ್ಯರ ಹಾಗೆ ಗಿಡದ ಮೈಯಲ್ಲಿ ಬಿಸಿ ಹುಟ್ಟುವುದಿಲ್ಲ. ಬಿಸಿ ಬರಬೇಕಾದ್ದು ಮಣ್ಣಿನಿಂದ. ಹಾಗಾಗಿ ಸುತ್ತ ನಾಲ್ಕು ಕೋಲು ನೆಟ್ಟು, ಹಳೇ ಬೆಡ್‌ಶೀಟನ್ನು ನೆಲ ಮುಟ್ಟುವ ಹಾಗೆ ಇಳಿಬಿಟ್ಟು, ಅಂಚಿಗೆ ಕಲ್ಲಿಡಿ. ಪ್ಲಾಸ್ಟಿಕ್ ಆದರೆ ಎಲೆಗೆ ತಾಗಕೂಡದು, ತಾಗಿದ ಕಡೆಯೆಲ್ಲ ಎಲೆ ಸುಡುತ್ತದೆ. ಕತ್ತಲಾಗುವ ಮೊದಲೇ ಹೊದಿಸಿ, ಬೆಳಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ.

ಅವತ್ತು ಬೆಳಗ್ಗೆಯೇ ನೀರು ಹಾಕಿರಬೇಕು. ಒಣ ಮಣ್ಣಿಗಿಂತ ಹಸಿ ಮಣ್ಣು ಬಿಸಿಯನ್ನು ಜಾಸ್ತಿ ಕೂಡಿಡುತ್ತದೆ, ರಾತ್ರಿ ಬಿಟ್ಟುಕೊಡುತ್ತದೆ. ಇನ್ನು ಬುಡದ ತರಗೆಲೆ. ಅದು ಬೇರನ್ನು ಕಾಪಾಡುವುದು ನಿಜ, ಆದರೆ ಮಣ್ಣಿನ ಬಿಸಿಯನ್ನು ಮೇಲಕ್ಕೆ ಬಿಡುವುದಿಲ್ಲ. ಡೇಲಿಯಾ ಥರ ಗೆಡ್ಡೆ ಉಳಿದರೆ ಸಾಕು ಅನ್ನುವ ಗಿಡಕ್ಕೆ ದಪ್ಪಗೆ ಹಾಕಿ. ಎಲೆ, ಕಾಯಿ ಉಳಿಯಬೇಕಾದ ಎಳೆ ಗಿಡಕ್ಕಾದರೆ ಅವತ್ತಿನ ಮಟ್ಟಿಗೆ ಪಕ್ಕಕ್ಕೆ ಸರಿಸುವುದೇ ಸರಿ ಅಂತ ನನ್ನ ಅಭಿಪ್ರಾಯ. ಕುಂಡಗಳನ್ನು ಹಗಲು ಬಿಸಿಲು ಬಿದ್ದ ಗೋಡೆಗೆ ಒತ್ತಿಸಿಡಿ.

ಇಷ್ಟಾದರೂ ಒಮ್ಮೊಮ್ಮೆ ಚಳಿ ತಗಲುತ್ತದೆ. ಎಲೆಯೊಳಗೆ ಜೀವಕೋಶಗಳ ಸಂದಿಯಲ್ಲಿ ಮಂಜುಗಡ್ಡೆ ಕಟ್ಟಿ, ಕೋಶದ ನೀರನ್ನು ಎಳೆದುಕೊಳ್ಳುತ್ತದೆ. ಬೆಳಗ್ಗೆ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದು, ಆಮೇಲೆ ಕಪ್ಪಾಗುತ್ತದೆ. ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೂ ಕತ್ತರಿ ಹಿಡಿಯಬೇಡಿ. ಆ ಒಣಗಿದ ಎಲೆಗಳೇ ಕೆಳಗಿನ ಮೊಗ್ಗಿಗೆ ಮರೆ. ಈಗ ಸವರಿದರೆ ಎಳೆ ಚಿಗುರು ಬಂದು ಮುಂದಿನ ಚಳಿಗೆ ಸಿಗುತ್ತದೆ. ಗೊಬ್ಬರ ಹಾಕಿದರೂ ಅದೇ ಕಥೆ. ಗಟ್ಟಿ ಕಾಂಡದ ಗಿಡವಾದರೆ ತೊಗಟೆಯನ್ನು ಉಗುರಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಚಳಿ ಪೂರ್ತಿ ಕಳೆದು, ಚಿಗುರು ಎಲ್ಲಿಂದ ಒಡೆಯುತ್ತದೆ ಅಂತ ಕಂಡ ಮೇಲೆ, ಅದರ ಮೇಲಿನದ್ದನ್ನು ಕತ್ತರಿಸಿ.

ನಮಸ್ಕಾರ.