ಹಪ್ಪಳದ ಬೆಲೆ ಮತ್ತು ಕೈಗೂಲಿ

ಮಾನ್ಯರೇ,

ಸ್ವಸಹಾಯ ಸಂಘಗಳ ಮಾತು ಬಂದಾಗಲೆಲ್ಲ ಎಷ್ಟು ಸಾಲ ಸಿಕ್ಕಿತು ಎಂಬುದೇ ಮುಂದೆ ಬರುತ್ತದೆ. ಆದರೆ 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದಾಗ, ಅಡವಿಡಲು ಏನೂ ಇಲ್ಲದ ಹೆಂಗಸರ ಪರವಾಗಿ ನಿಂತದ್ದು ಅವರ ಸಣ್ಣ ಉಳಿತಾಯ, ತಮ್ಮತಮ್ಮಲ್ಲೇ ಕೊಟ್ಟುಕೊಂಡ ಒಳಸಾಲದ ಮರುಪಾವತಿ ಮತ್ತು ತಪ್ಪದೆ ಬರೆದಿಟ್ಟ ಲೆಕ್ಕದ ಪುಸ್ತಕ. ಮುಂದೆ ನಮ್ಮ ರಾಜ್ಯದಲ್ಲಿ ಸಂಘಗಳಿಗಾಗಿ ಸ್ತ್ರೀಶಕ್ತಿ, ಆನಂತರ ಸಂಜೀವಿನಿ ಯೋಜನೆ ಬಂದಾಗಲೂ ಬುನಾದಿ ಅದೇ ಆಗಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಂಘದವರು ಮಾಡುವ ಹಲಸಿನ ಹಪ್ಪಳವನ್ನೇ ನೋಡೋಣ. ಹದವಾಗಿ ಬಲಿತ ಕಾಯನ್ನು ಕೊಯ್ದು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಣದೊಂದಿಗೆ ಹೆಣಗುತ್ತ ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಹಾಕಿ ರುಬ್ಬಿ, ಉಂಡೆ ಕಟ್ಟಿ ಒಂದೊಂದಾಗಿ ಒತ್ತಿ ಚಾಪೆಯ ಮೇಲೆ ಹರವಬೇಕು. ಇದೆಲ್ಲ ಮಳೆಗಾಲ ಹಿಡಿಯುವ ಮೊದಲು, ಬೇಸಿಗೆಯ ಕೆಲವೇ ವಾರಗಳಲ್ಲಿ ಮುಗಿಯಬೇಕು. ಮಧ್ಯಾಹ್ನ ಮೋಡ ಕವಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಅಂಗಳಕ್ಕೆ ಓಡುತ್ತಾರೆ, ಏಕೆಂದರೆ ಒಮ್ಮೆ ನೆನೆದ ಹಪ್ಪಳ ಮಾರಾಟಕ್ಕೆ ಬಾರದು. ಇಷ್ಟಾದ ಮೇಲೂ ದರ ನಿಗದಿ ಮಾಡುವಾಗ ಮೆಣಸು, ಎಣ್ಣೆ, ಪೊಟ್ಟಣದ ಖರ್ಚನ್ನು ಮಾತ್ರ ಕೂಡಿಸುವ ಸಂಘಗಳೇ ಹೆಚ್ಚು. ಕಾಯಿ ಮನೆಯ ಹಿತ್ತಲದ್ದು, ದುಡಿಮೆ ಮನೆಯವರದು, ಆದ್ದರಿಂದ ಅವೆರಡಕ್ಕೂ ಬೆಲೆಯಿಲ್ಲ ಎಂಬ ಈ ಲೆಕ್ಕ ನನ್ನನ್ನು ಬಹಳ ನೋಯಿಸುತ್ತದೆ.

ಘಟ್ಟದ ಕೆಳಗಿನ ಕಷ್ಟ ಬೇರೆ ಬಗೆಯದು. ಕಾರವಾರ, ಅಂಕೋಲಾದಲ್ಲಿ ಒಣಮೀನು ಮಾರುವ ಮಹಿಳೆಯರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವೆಂಬುದು ಮೊದಲೇ ಗೊತ್ತು. ಬೇಸಿಗೆಯಲ್ಲೇ ಮೀನು ಕೊಂಡು, ಉಪ್ಪು ಹಾಕಿ ಒಣಗಿಸಿ ಕೂಡಿಡಲು ಒಟ್ಟಿಗೆ ಹಣ ಬೇಕು. ಮಾರಾಟವಾಗುವುದು ಮಳೆಗಾಲದಲ್ಲಿ, ಸ್ವಲ್ಪಸ್ವಲ್ಪವಾಗಿ. ಅದಕ್ಕಾಗಿ ಮಾಡಿದ ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಆಗ ಒಬ್ಬಳ ಕಂತನ್ನು ಉಳಿದವರು ತುಂಬಿ ಸಂಘದ ಹೆಸರು ಕೆಡದಂತೆ ನೋಡಿಕೊಳ್ಳುತ್ತಾರಲ್ಲ, ಅದನ್ನು ನಾನು ಛಲ ಎನ್ನುತ್ತೇನೆ. ಆದರೆ ಆ ಛಲವನ್ನೇ ನೆಚ್ಚಿಕೊಂಡು ಬ್ಯಾಂಕುಗಳು ಸುಮ್ಮನಿರುವುದು ನ್ಯಾಯವಲ್ಲ. ಅಡಿಕೆ ಬೆಳೆಗಾರನ ಸಾಲಕ್ಕೆ ಕೊಯ್ಲಿನ ಕಾಲವನ್ನು ಗಮನಿಸುವ ವ್ಯವಸ್ಥೆ, ಒಣಮೀನಿನ ಸಾಲಕ್ಕೂ ಮಾರಾಟದ ಕಾಲವನ್ನು ನೋಡಿ ಕಂತು ಕಟ್ಟಬಹುದು.

ಇಲ್ಲಿ ಕುಳಿತಿರುವ ಸಂಘಗಳ ಪ್ರತಿನಿಧಿಗಳಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಹಂಗಾಮಿನ ದರಪಟ್ಟಿಯನ್ನು ಬರೆಯುವಾಗ ಮೊದಲ ಸಾಲಿನಲ್ಲಿ ಎಷ್ಟು ಜನ, ಎಷ್ಟು ತಾಸು ದುಡಿದಿರಿ ಎಂಬುದನ್ನು ಬರೆಯಿರಿ. ಅದಕ್ಕೆ ನಿಮ್ಮ ಊರಿನಲ್ಲಿ ತೋಟದ ಕೆಲಸಕ್ಕೆ ಕೊಡುವ ಕೂಲಿಯನ್ನೇ ಹಾಕಿರಿ. ಮೆಣಸು, ಎಣ್ಣೆ, ಪೊಟ್ಟಣದ ಲೆಕ್ಕ ಅದರ ಕೆಳಗೆ ಬರಲಿ.