ಬಂದವರ ಕೆಲಸ ಮೊದಲು ಮುಗಿಯಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಡಿಗೋ ಹೋಂಸ್ಟೇಗೋ ವೆಬ್‌ಸೈಟ್ ಮಾಡಿಸಿದವರು, ಮಾಡಿಸಬೇಕು ಅಂತಿರುವವರು ಈಗ ರೇಡಿಯೋ ಹಾಕಿಕೊಂಡಿದ್ದರೆ, ಈ ಮಾತು ನಿಮಗೇ. ನಮ್ಮ ಹತ್ತಿರ ಬರುವವರು ತಮ್ಮ ಸೈಟನ್ನೂ ಎದುರಾಳಿ ಕಂಪನಿಯ ಸೈಟನ್ನೂ ಪಕ್ಕಪಕ್ಕ ತೆರೆದಿಟ್ಟು, "ಮೇಡಂ, ಯಾವುದು ಚೆನ್ನಾಗಿ ಕಾಣುತ್ತೆ?" ಅಂತ ಕೇಳುತ್ತಾರೆ. ಅದನ್ನು ಕೇಳಿ ಪ್ರಯೋಜನವಿಲ್ಲ. ಬಂದವರ ಕೆಲಸ ಯಾವುದರಲ್ಲಿ ಬೇಗ ಮುಗಿಯುತ್ತೆ? ಅದನ್ನು ಕೇಳಿ.

ಯಾಹೂ, ಗೂಗಲ್ ಪೈಪೋಟಿಯನ್ನೇ ನೋಡಿ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುತ್ತಿದ್ದ ಕಾಲ ಅದು. ಯಾಹೂ ತೆರೆದರೆ ಸುದ್ದಿ, ಹವಾಮಾನ, ಷೇರು ಬೆಲೆ, ರಾಶಿಫಲ, ಮೇಲ್, ಜಾಹೀರಾತು. ಇಷ್ಟರ ನಡುವೆ ಹುಡುಕಾಟಕ್ಕೂ ಒಂದು ಜಾಗ. 1998ರಲ್ಲಿ ಶುರುವಾದ ಗೂಗಲ್ ಕಂಪನಿಯದು ಬಿಳಿ ಪುಟ. ಮಧ್ಯೆ ಹೆಸರು, ಕೆಳಗೆ ಹುಡುಕುವ ಪೆಟ್ಟಿಗೆ, ಎರಡು ಬಟನ್.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ. ಗೂಗಲ್‌ನ ಮೊದಲ ವರ್ಷಗಳಲ್ಲಿ ಮರಿಸ್ಸಾ ಮೇಯರ್ ಎಂಬ ಎಂಜಿನಿಯರ್ ಈ ಪುಟದ ಉಸ್ತುವಾರಿ ನೋಡುತ್ತಿದ್ದರು. ಅವರೇ ಹೇಳಿದ ಕಥೆ ಇದು. ಕೆಲವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಗೂಗಲ್‌ನಲ್ಲಿ ಏನನ್ನೋ ಹುಡುಕಿ ಅಂದರು. ಪುಟ ತೆರೆಯಿತು. ಕೂತವರು ಏನೂ ಮಾಡಲಿಲ್ಲ. ಸುಮ್ನೆ ನೋಡುತ್ತಾ ಕೂತರು. ಯಾಕೆ ಅಂತ ವಿಚಾರಿಸಿದರೆ, ಪುಟದ ಉಳಿದ ಭಾಗ ಬರಲಿ ಅಂತ ಕಾಯ್ತಾ ಇದ್ದೀವಿ ಅಂದರಂತೆ! ತುಂಬಿ ತುಳುಕುವ ಪುಟಗಳಿಗೆ ಕಣ್ಣು ಅಷ್ಟು ಒಗ್ಗಿಹೋಗಿತ್ತು. ಪುಟ ಇಲ್ಲಿಗೆ ಮುಗಿಯಿತು ಅಂತ ಗೊತ್ತಾಗಲಿ ಎಂದೇ ಅಡಿಯಲ್ಲಿ ಕಾಪಿರೈಟ್ ಸಾಲನ್ನು ಹಾಕಿದರು. ಗಮನಿಸಿ, ಖಾಲಿ ಜಾಗಕ್ಕೆ ಇನ್ನೇನೋ ತುಂಬಲಿಲ್ಲ. ಒಂದೇ ಒಂದು ಸಾಲು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಯಾರೋ ಒಬ್ಬರು ಗೂಗಲ್‌ಗೆ ಆಗಾಗ ಬರೀ ಒಂದು ಸಂಖ್ಯೆ ಇರುವ ಮೇಲ್ ಕಳಿಸುತ್ತಿದ್ದರಂತೆ. ಆಮೇಲೆ ತಿಳಿಯಿತು, ಅದು ಮುಖಪುಟದಲ್ಲಿರುವ ಪದಗಳ ಲೆಕ್ಕ. ಆ ಲೆಕ್ಕವನ್ನು ಗೂಗಲ್‌ನವರು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅಂದರೆ, 2008ರಲ್ಲಿ ಪ್ರೈವೆಸಿ ಎಂಬ ಕೊಂಡಿ ಸೇರಿಸಬೇಕಾಗಿ ಬಂದಾಗ ಕಾಪಿರೈಟ್ ಸಾಲಿನಿಂದ ಗೂಗಲ್ ಅನ್ನುವ ತಮ್ಮ ಹೆಸರನ್ನೇ ತೆಗೆದುಹಾಕಿದರು. ಒಟ್ಟು 28 ಪದ, ಅದು ಹೆಚ್ಚಾಗಬಾರದು. ಇಂಥ ಹಟ ಬೇಕು!

ಗೂಗಲ್ ಹುಡುಕಿಕೊಡುವುದರಲ್ಲೇ ಮುಂದಿತ್ತು, ಪುಟದ್ದೇನು ಅಂತೀರಾ? 2000ದಿಂದ 2004ರ ಶುರುವಿನವರೆಗೆ ಯಾಹೂ ತನ್ನ ಹುಡುಕಾಟಕ್ಕೆ ಗೂಗಲ್ ಎಂಜಿನ್ನನ್ನೇ ಬಳಸುತ್ತಿತ್ತು. ಒಳಗಿನ ಎಂಜಿನ್ ಒಂದೇ. ಆದರೂ ಜನ ಗೂಗಲ್ ಕಡೆಗೇ ಹೋದರು. ಅಲ್ಲಿ ಬಂದ ಕೆಲಸ ಬೇಗ ಮುಗಿಯುತ್ತಿತ್ತು, ಅಷ್ಟೇ.

ಸಮಯ ಕಡಿಮೆ ಇದೆ, ಮಾಡುವ ರೀತಿ ಬೇಗ ಹೇಳಿಬಿಡುತ್ತೇನೆ. ಐದು ಜನರನ್ನು ಕರೆಯಿರಿ. ಸೈಟ್ ಬಳಸೋದು ಎಷ್ಟು ಸುಲಭ ಅಂತ ಪರೀಕ್ಷೆ ಮಾಡುವುದರಲ್ಲಿ ದೊಡ್ಡ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲೇ ಐದು ಜನ ಸಾಕು ಅಂದಿದ್ದಾರೆ. ನಿಮ್ಮ ಸೈಟ್, ಎದುರಾಳಿಯ ಸೈಟ್, ಎರಡರಲ್ಲೂ ಒಂದೇ ಕೆಲಸ ಕೊಡಿ: ಶನಿವಾರಕ್ಕೆ ಇಬ್ಬರಿಗೆ ರೂಮು ಬುಕ್ ಮಾಡಿ. ಫೋನಿನಲ್ಲೇ ಮಾಡಲಿ. ಪಕ್ಕದಲ್ಲಿ ಕೂತು ನೀವು ಬಾಯಿ ಬಿಡಬೇಡಿ, "ಅಲ್ಲಿ ಒತ್ತಿ" ಅನ್ನಬೇಡಿ. ಬೆರಳು ಎಲ್ಲಿ ನಿಲ್ಲುತ್ತೆ, ಎಲ್ಲಿ ಹಿಂದಕ್ಕೆ ಹೋಗುತ್ತೆ, ಬರೆದುಕೊಳ್ಳಿ. ಬೆರಳು ನಿಂತ ಕಡೆ ಸರಿಮಾಡಿ. ಬಣ್ಣ, ಜಾರುವ ಫೋಟೋಗಳು ಆಮೇಲೆ.

ಇನ್ನೊಂದು ಮಾತು, ಕನ್ನಡದ್ದು. ಮೊದಲ ಪುಟ ಕನ್ನಡದಲ್ಲಿ, ದುಡ್ಡು ಕಟ್ಟುವ ಪುಟ ಇಂಗ್ಲಿಷಿನಲ್ಲಿ ಇದ್ದರೆ, ಆ ಐದು ಜನ ಅಲ್ಲೇ ನಿಲ್ಲುತ್ತಾರೆ, ನೋಡಿ. ಕನ್ನಡ ಹಾಕುವುದಾದರೆ ದುಡ್ಡು ಕಟ್ಟುವವರೆಗೂ ಹಾಕಿ. ನಮಸ್ಕಾರ.