ತಾಲೀಮು ನಡೆಯುವ ಓಣಿ

ಎಲ್ಲರಿಗೂ ಶರಣು ಶರಣಾರ್ಥಿ, ಆದಾಬ್, ನಮಸ್ಕಾರ. ಬೀದರಿನಲ್ಲಿ ಮಾತು ಶುರು ಮಾಡಬೇಕೆಂದರೆ ಮೂರೂ ಹೇಳಬೇಕು. ಒಂದು ಬಿಟ್ಟರೂ ಹಿಂದಿನ ಸಾಲಿನಿಂದ ಯಾರಾದರೂ ನೆನಪು ಮಾಡುತ್ತಾರೆ.

ನನಗೆ ಕೊಟ್ಟ ವಿಷಯ ಕಲಾ ಸಂಸ್ಥೆಗಳಿಂದ ಹಳೇ ಓಣಿಗಳ ಪುನಶ್ಚೇತನ. ಪುನಶ್ಚೇತನ ಅಂದರೆ ಸ್ವಲ್ಪ ಭಾರದ ಮಾತಾಯಿತು. ನಮ್ಮ ಹಳೇ ಊರಿನ ಜೀವ ಹೋಗಿಲ್ಲ, ಸುಸ್ತಾಗಿದೆ ಅಷ್ಟೇ. ಒಂದು ಗೋಡೆಯ ಕತೆ ಹೇಳುತ್ತೇನೆ, ಅಲ್ಲಿಂದ ಮುಂದೆ ಹೋಗೋಣ.

ನಾನು ಡ್ರಾಯಿಂಗ್ ಮಾಸ್ತರ ಆಗಿದ್ದಾಗಿನ ಮಾತು. ಹಳೇ ಊರಿನ ನಡುವಿನ ಗೋಪುರ ಚೌಬಾರಾ, ಅದರ ಹಿಂದಿನ ಒಂದು ಓಣಿಯಲ್ಲಿ ಗೋಡೆಗಳಿಗೆ ಚಿತ್ರ ಬರೆಸಬೇಕು, ಓಣಿ ಚೆಂದ ಕಾಣಬೇಕು ಅಂತ ಯಾರೋ ಬಣ್ಣದ ಡಬ್ಬಿ ಕೊಡಿಸಿದರು. ಶಾಲೆಯ ಹನ್ನೆರಡು ಮಕ್ಕಳನ್ನು ಕರೆದುಕೊಂಡು ಹೋದೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರ ಕಸುಬು ಬಿದ್ರಿ. ಮೂರು ದಿನ ಕೂತು ಅದರ ಹೂಬಳ್ಳಿಗಳನ್ನು ಗೋಡೆ ತುಂಬ ಬರೆದೆವು. ಉದ್ಘಾಟನೆ ಆಯಿತು, ಶಾಲು ಹೊದಿಸಿದರು, ಫೋಟೊ ಪೇಪರಿನಲ್ಲಿ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ಎದ್ದು ಬೀಳತೊಡಗಿತು. ಆ ಮನೆಯ ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಮಾಸ್ತರ, ಹೂವ ಛಂದ ಅವ. ಆದ್ರ ಗ್ವಾಡಿ ಒಳಗಿಂದ ಹಸಿ ಅದ. ನೀರ್ ಎಲ್ಲಿಂದ ಬರ್ಲಾಕತ್ತದ, ಮೊದಲ ಅದನ್ನ ನೋಡ್ರಿ."

ಒಬ್ಬ ಗೌಂಡಿಯನ್ನು ಕರೆತಂದು ತೋರಿಸಿದೆ. ಆತ ಉಗುರಿನಿಂದ ಕೆರೆದು ನೋಡಿ ನಕ್ಕ. ನಮ್ಮ ಊರು ಕೂತಿರುವುದೇ ಕೆಂಪು ಕಲ್ಲಿನ ದಿಣ್ಣೆಯ ಮೇಲೆ, ಹಳೇ ಮನೆಗಳೂ ಅದೇ ಕಲ್ಲಿನವು. ಈ ಕಲ್ಲು ನೀರು ಕುಡಿಯುತ್ತದೆ. ಸುಣ್ಣದ ಗಚ್ಚು ಇದ್ದರೆ ಕುಡಿದ ನೀರು ಬಿಸಿಲಿಗೆ ಹೊರಗೆ ಹೋಗುತ್ತದೆ. ನಾವು ಪ್ಲಾಸ್ಟಿಕ್ ಪೇಂಟ್ ಬಳಿದು ಅದರ ಮೂಗು ಬಾಯಿ ಮುಚ್ಚಿದ್ದೆವು. ಮೇಲಾಗಿ ಮಗ್ಗುಲಲ್ಲೇ ನಲ್ಲಿಯ ಪೈಪು ಸೋರುತ್ತಿತ್ತು. ಹನ್ನೆರಡು ಮಕ್ಕಳು, ಒಬ್ಬ ಮಾಸ್ತರ, ಮೂರು ದಿನ ಅಲ್ಲೇ ಕೂತಿದ್ದೆವು. ಒಬ್ಬರಿಗೂ ಆ ಪೈಪು ಕಂಡಿರಲಿಲ್ಲ.

ಗೋಡೆ ಚಿತ್ರ ಬೇಡ ಅಂತಲ್ಲ. ದೆಹಲಿಯ ಲೋಧಿ ಕಾಲೊನಿಯಲ್ಲಿ 2015ರಿಂದ ದೊಡ್ಡ ದೊಡ್ಡ ಗೋಡೆಗಳ ಮೇಲೆ ಚಿತ್ರ ಬರೆದಿದ್ದಾರೆ, ನೋಡಲು ಚೆನ್ನಾಗಿವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಒಂದು ಕೆಲಸ ಶುರುವಾಯಿತು. ಗೋಡೆ ಮೇಲೆ ಕಂಡಹಾಗೆ ಗೀಚುತ್ತಿದ್ದ ಹುಡುಗರ ಕೈಗೇ ಕುಂಚ ಕೊಟ್ಟರು. ಅದು ಇವತ್ತಿಗೂ ನಡೆದಿದೆ. ನಾವು ಮೂರು ದಿನಕ್ಕೆ ಗಂಟು ಕಟ್ಟಿ ಮನೆಗೆ ಬಂದೆವು, ವ್ಯತ್ಯಾಸ ಅಲ್ಲಿದೆ.

ಈಗ ಒಂದು ಶಬ್ದದ ಬಗ್ಗೆ ಹೇಳಬೇಕು. ಹಳೇ ಊರಿನ ಎರಡು ದೊಡ್ಡ ರಸ್ತೆಗಳು ಕೂಡುವ ಜಾಗದಲ್ಲಿ ಚೌಬಾರಾ ನಿಂತಿದೆ. 71 ಅಡಿಯ ದುಂಡು ಗೋಪುರ, ಒಳಗೆ ಸುತ್ತಿಕೊಂಡು ಹೋಗುವ 80 ಮೆಟ್ಟಿಲು. ಅದರ ಸುತ್ತ ಊರು ನಾಲ್ಕು ಪಾಲಾಗಿತ್ತು, ಪಾಲಿಗೊಂದು ತಾಲೀಮು. ಸಿದ್ದಿಕ್ ಶಾ ತಾಲೀಮು, ನೂರ್ ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು. ಹುಡುಗರು ಮೈ ಪಳಗಿಸುವ, ವರಸೆ ಕಲಿಯುವ ಜಾಗ ಅವು. ಇನ್ನು ನಾಟಕದವರನ್ನು ಕೇಳಿ, ಅವರಿಗೂ ತಾಲೀಮೇ. ನಾಟಕ ಒಂದು ರಾತ್ರಿ, ಅದರ ತಾಲೀಮು ಎರಡು ತಿಂಗಳು. ಊರಿಗೆ ನೆನಪಿರುವುದು ಆ ಒಂದು ರಾತ್ರಿ, ಆದರೆ ಓಣಿಯಲ್ಲಿ ಜನ ಓಡಾಡಿದ್ದು ಆ ಎರಡು ತಿಂಗಳು.

ಕಲಾ ಸಂಸ್ಥೆಯಿಂದ ಓಣಿಗೆ ಸಿಗುವುದು ಏನು ಅಂತ ಕೇಳಿದರೆ ನನ್ನ ಉತ್ತರ ಇದೇ, ತಾಲೀಮು. ದಿನಾ ಸಂಜೆ ಆರಕ್ಕೆ ಒಂದು ಬಾಗಿಲು ತೆರೆಯಬೇಕು, ಒಂದು ದೀಪ ಹತ್ತಬೇಕು.

ದೀಪ ಹತ್ತಿದರೆ ಏನಾಗುತ್ತದೆ? ನಮ್ಮ ಕಲಾ ಸಂಸ್ಥೆ ನಡೆಯುವ ಈ ಕೋಣೆಯದ್ದೇ ನೋಡಿ. ನಾವು ಬರುವ ಮೊದಲು ಇದು ಗೋಣಿಚೀಲ ತುಂಬಿಟ್ಟಿದ್ದ ಗೋದಾಮು. ಎದುರಿನ ಚಹಾ ಅಂಗಡಿಯವರು ಏಳಕ್ಕೆ ಶಟರ್ ಎಳೆಯುತ್ತಿದ್ದರು, ಗಿರಾಕಿ ಇಲ್ಲದೆ ಹಾಲು ಯಾಕೆ ಕಾಯಿಸಬೇಕು? ಮೊದಲ ವರ್ಷ ತಬಲಾ ಕಲಿಯಲು ನಾಲ್ಕು ಹುಡುಗರು, ಚಿತ್ರಕ್ಕೆ ಒಂಬತ್ತು ಮಕ್ಕಳು ಬಂದರು. ಮಕ್ಕಳನ್ನು ಬಿಡಲು ಬಂದ ಅಪ್ಪಂದಿರಿಗೆ ಒಂದು ತಾಸು ಎಲ್ಲಾದರೂ ನಿಲ್ಲಬೇಕಲ್ಲ, ಅಂಗಡಿ ಒಂಬತ್ತರ ತನಕ ತೆರೆದಿರತೊಡಗಿತು. ಅಂಗಡಿಯ ಬೆಳಕು ರಸ್ತೆಗೆ ಬಿತ್ತು. ಬೆಳಕಿದೆ ಅಂತ ಹೊಲಿಗೆ ಕ್ಲಾಸಿನಿಂದ ಬರುವ ಹೆಣ್ಣುಮಕ್ಕಳು ಸುತ್ತುದಾರಿ ಬಿಟ್ಟು ಇದೇ ಓಣಿ ಹಿಡಿದರು. ನಾವು ಯಾವ ಭಾಷಣವನ್ನೂ ಮಾಡಿರಲಿಲ್ಲ. ತಬಲಾ ಹುಡುಗರು ಬಡಿದದ್ದೂ ಬಹಳ ಕೆಟ್ಟದಾಗಿತ್ತು, ಅದನ್ನೂ ಹೇಳಿಬಿಡಬೇಕು.

ಇನ್ನೂ ಒಂದಾಯಿತು. ಕೂರುವ ಜಾಗ ಅಂತ ಆದ ಮೇಲೆ ಅರ್ಜಿ ಬರೆಯುವುದೂ ಇಲ್ಲಿಂದಲೇ. ಚರಂಡಿ, ಬೀದಿ ದೀಪ, ಆ ಅಜ್ಜಿಯ ಮನೆಯ ಪೈಪು ಸಹ. ಒಬ್ಬೊಬ್ಬರೇ ಕಚೇರಿಗೆ ಹೋದರೆ ನಾಳೆ ಬಾ ಅನ್ನುತ್ತಾರೆ. ಭಜನಾ ಮಂಡಳಿಯವರು, ಮುಶಾಯರಾದವರು, ಚಿತ್ರದ ಮಕ್ಕಳ ತಾಯಂದಿರು ಸೇರಿ ನಲವತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ.

ಬಿದ್ರಿಯ ಮಾತು ಬಿಟ್ಟರೆ ನೀವು ನನ್ನನ್ನು ಇಳಿಯಲು ಬಿಡುವುದಿಲ್ಲ. 2006ರಲ್ಲಿ ಅದಕ್ಕೆ ಜಿಐ, ಅಂದರೆ ಇದು ಈ ಊರಿನದೇ ಕಸುಬು ಅನ್ನುವ ಸರ್ಕಾರಿ ಗುರುತು ಸಿಕ್ಕಿತು. 2023ರಲ್ಲಿ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇವು ನಿಮಗೆ ಗೊತ್ತಿರುವ ಸಂಗತಿ. ನಾನು ನೋಡುವುದು ಆ ಕೆಲಸ ಓಣಿಯಲ್ಲಿ ಹೇಗೆ ಹಂಚಿಕೊಂಡಿದೆ ಅನ್ನುವುದನ್ನು. ಸತುವು, ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಎರಕ ಹೊಯ್ಯುವವರು ಒಬ್ಬರು. ಕಾನಸಿಯಿಂದ ಉಜ್ಜಿ ನಯ ಮಾಡುವವರು ಇನ್ನೊಬ್ಬರು. ಮೈಲುತುತ್ತದ ನೀರು ಒರೆಸಿ ಸದ್ಯಕ್ಕೆ ಕಪ್ಪು ಮಾಡಿ, ಅದರ ಮೇಲೆ ಬಳ್ಳಿ ಬರೆದು, ಉಳಿಯಿಂದ ಕೆತ್ತುವ ಕೈ ಬೇರೆ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವ ಕೈ ಬೇರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನ ಸ್ನಾನ. ಮಳೆ ಬಿಸಿಲು ಕಾಣದ ಮೂಲೆಯ ಮಣ್ಣೇ ಆಗಬೇಕು, ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಒಂದು ಹೂಜಿ ಹೀಗೆ ಕೈಯಿಂದ ಕೈಗೆ ಹೋಗಬೇಕು. ಎರಕದವನು ಕುಲುಮೆ ಆರಿಸಿ ಆಟೊ ಓಡಿಸಲು ಹೋದರೆ ಉಳಿದವರೂ ಕೈಕಟ್ಟಿ ಕೂರಬೇಕು. ಅದಕ್ಕೇ ಕುಶಲಕರ್ಮಿಗಳಿಗೆ ಊರಾಚೆ ಷೆಡ್ ಕಟ್ಟಿಸಿ ಕೊಡುತ್ತೇವೆ ಅಂತ ಯಾರಾದರೂ ಅಂದರೆ ನನಗೆ ದಿಗಿಲು. ಷೆಡ್ಡಿಗೆ ನಾಲ್ವರು ಹೋಗಬಹುದು. ಮನೆಯಲ್ಲಿ ಅಡುಗೆ ಮುಗಿಸಿ ತಂತಿ ಕೂರಿಸುವ ಹೆಂಗಸು ಹೋಗುವುದಿಲ್ಲ. ಅದೇ ದುಡ್ಡಿನಲ್ಲಿ ಓಣಿಯೊಳಗೆ ಹೊಗೆ ಹೋಗುವ ಒಂದು ಒಳ್ಳೆ ಎರಕದ ಕೋಣೆ, ದೂಳು ಎಳೆಯುವ ಫ್ಯಾನು ಕೊಟ್ಟರೆ ಸಾಕು.

ದುಡ್ಡು ಅಂದ ಕೂಡಲೇ ನೆನಪಾಯಿತು. ಅನುದಾನ ಬರುವುದು ಕಾರ್ಯಕ್ರಮಕ್ಕೆ. ವೇದಿಕೆಗೆ ಬಿಲ್ ಇದೆ, ಬ್ಯಾನರಿಗೆ ಇದೆ, ಹಾರಕ್ಕೂ ಇದೆ. ಕರೆಂಟ್ ಬಿಲ್ಲಿಗೆ ಯಾರೂ ಕೊಡುವುದಿಲ್ಲ. ಒಂದು ಸಮಾರಂಭದ ಬ್ಯಾನರಿನ ಖರ್ಚಿನಲ್ಲಿ ಈ ಕೋಣೆಯ ಎರಡು ತಿಂಗಳ ಬಾಡಿಗೆ ಕಟ್ಟಬಹುದು. ನನ್ನ ಮುಖ ಹಾಕಿದ ಬ್ಯಾನರೂ ಹೊರಗಿದೆ, ನೋಡಿದೆ. ಬೇಡ ಅಂದಿದ್ದೆ.

ಇನ್ನು ಬಾಡಿಗೆ. ಓಣಿ ಚೆಂದ ಆದರೆ ಬಾಡಿಗೆ ಏರುತ್ತದೆ, ಚೆಂದ ಮಾಡಿದವರೇ ಮೊದಲು ಗಂಟು ಕಟ್ಟುತ್ತಾರೆ. ದೊಡ್ಡ ಊರುಗಳಲ್ಲಿ ಇದು ಮತ್ತೆ ಮತ್ತೆ ಆಗಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದು ಕಪ್ಪು ಜನರ ಬಡಾವಣೆ ಇದೆ. ಅಲ್ಲಿ ರಿಕ್ ಲೋ ಅನ್ನುವ ಕಲಾವಿದ ಬಡತನದ ಚಿತ್ರ ಬರೆಯುತ್ತಿದ್ದ. ಹೈಸ್ಕೂಲಿನ ಹುಡುಗನೊಬ್ಬ ಆತನನ್ನು ಕೇಳಿದನಂತೆ, ನಮ್ಮ ಕಷ್ಟ ನಮಗೇ ಗೊತ್ತು, ನೀವು ಕಲಾವಿದರಾದರೆ ಅದಕ್ಕೊಂದು ದಾರಿ ಯಾಕೆ ಮಾಡಬಾರದು ಅಂತ. 1993ರಲ್ಲಿ ಆತನೂ ಇನ್ನು ಆರು ಕಲಾವಿದರೂ ಸೇರಿ ಪಾಳುಬಿದ್ದ 22 ಪುಟ್ಟ ಮನೆಗಳನ್ನು ಹಿಡಿದು ರಿಪೇರಿ ಮಾಡಿದರು. ಕೆಲವು ಮನೆ ಕಲಾವಿದರಿಗೆ. ಕೆಲವನ್ನು ಒಂಟಿಯಾಗಿ ಮಕ್ಕಳನ್ನು ಸಾಕುತ್ತ ಓದುತ್ತಿದ್ದ ಎಳೆ ತಾಯಂದಿರಿಗೆ ಕೊಟ್ಟರು. ಮುಂದೆ ಸುತ್ತಲಿನ ಬೆಲೆ ಏರತೊಡಗಿದಾಗ ಕಡಿಮೆ ಬಾಡಿಗೆಯ ಮನೆಗಳನ್ನೂ ಕಟ್ಟಿಸಿದರು, ಇದ್ದ ಜನ ಇದ್ದಲ್ಲೇ ಇರಲಿ ಅಂತ. ಅವರ ಬಣ್ಣ ನೋಡಿ ನಾನು ಮರುಳಾಗಿಲ್ಲ. ಮನೆಯ ಕಾಗದಪತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡರಲ್ಲ, ಆ ಜಾಣತನ ನೋಡಿ ಹೊಟ್ಟೆಕಿಚ್ಚು.

ನಮ್ಮ ಕೈಯಲ್ಲಿ ಇರುವುದು ಹನ್ನೊಂದು ತಿಂಗಳ ಕರಾರು. ಬರುವ ತಿಂಗಳು ಮುಗಿಯುತ್ತದೆ. ಕೋಣೆಯ ಮಾಲೀಕರು ಅದೋ, ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಮೊಮ್ಮಗಳು ನಮ್ಮಲ್ಲೇ ಚಿತ್ರ ಕಲಿಯುತ್ತಾಳೆ, ಒಳ್ಳೆ ಕೈ ಇದೆ. ಈ ಸಲ ಹನ್ನೊಂದು ತಿಂಗಳು ಬೇಡ, ಹತ್ತು ವರ್ಷಕ್ಕೆ ಬರೆದು ಕೊಡಿ ಅಂತ ಕೇಳುವವರಿದ್ದೇವೆ. ಭಾಯಿಸಾಬ್, ಏಳಬೇಡಿ, ಕೂತ್ಕೊಳ್ಳಿ. ಎದುರಿನ ಅಂಗಡಿಯಿಂದ ಚಹಾ ಬರುತ್ತಿದೆ.